ಮಾತ್ರೆಯ ಲೆಕ್ಕ

ಹೋದ ತಿಂಗಳು ಒಂದು ಗುರುವಾರ. ಸಂಜೆ ನಾಲ್ಕರ ಹೊತ್ತಿಗೆ ಸ್ಕೂಲ್ ವ್ಯಾನ್ ಬಂದು ನಿಂತಿತು. ನಮ್ಮ ಪುಟ್ಟಿ ಆರನೇ ಕ್ಲಾಸು. ದಿನಾ ಗೇಟಿನಿಂದಲೇ "ಅಜ್ಜೀ, ತಿನ್ನಕ್ಕೆ ಏನಿದೆ?" ಎಂದು ಕೂಗಿಕೊಂಡು ಬರುವ ಹುಡುಗಿ ಆವತ್ತು ಸದ್ದಿಲ್ಲದೆ ಒಳಗೆ ಬಂದಳು. ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ನೇರ ರೂಮಿಗೆ ಹೋಗಿ, ಕಿಟಕಿಯ ಪರದೆ ಎಳೆದು, ಹಾಸಿಗೆಯ ಮೇಲೆ ಮುದುಡಿಕೊಂಡಳು. ನಾನು ಹಾಲಿನಲ್ಲಿ ಟಿವಿ ಮುಂದೆ ಕೂತಿದ್ದೆ. "ಅಜ್ಜ, ಟಿವಿ ಆಫ್ ಮಾಡಿ" ಎಂದು ಒಳಗಿನಿಂದ ಸಣ್ಣ ದನಿ ಬಂತು. ಸೌಂಡ್ ಸ್ವಲ್ಪ ಕಡಿಮೆ ಮಾಡಿದೆ. ಕ್ರಿಕೆಟ್ ಇತ್ತು.

ಅರ್ಧ ಗಂಟೆಯಲ್ಲಿ ಹುಡುಗಿ ಎದ್ದು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಹಣೆ ಹಿಡಿದುಕೊಂಡು "ಇಲ್ಲೆಲ್ಲ ಡಬ್ ಡಬ್ ಅಂತ ಹೊಡ್ಕೊಳ್ತಿದೆ" ಎಂದಳು. ಆಗ ತಾನೆ ಕೆಲಸದಿಂದ ಬಂದಿದ್ದ ಸೊಸೆಗೆ ಗಾಬರಿ. "ಮಾವ, ನಿಮ್ಮ ಡಬ್ಬಿಯಲ್ಲಿ ತಲೆನೋವಿನ ಮಾತ್ರೆ ಇರಬೇಕಲ್ಲ, ಅರ್ಧ ಕೊಡೋಣವಾ?" ಎಂದು ಕೇಳಿದಳು. ನಮ್ಮ ಮನೆಯ ಮಾತ್ರೆಗಳೆಲ್ಲ ಇರುವುದು ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ತೆಗೆದು ಹುಡುಕಿದೆ. ಹೆಂಡತಿಯ ಒಂದು ಪಟ್ಟಿ ಸಿಕ್ಕಿತು. ಮಾತ್ರೆ ಬಿಡಿಸಲು ಬೆರಳಿಟ್ಟೆ.

"ಕೊಡಬೇಡಿ!"

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಮದುವೆಯಾದ ನಲವತ್ತಾರು ವರ್ಷಗಳಲ್ಲಿ ಅವಳು ನನ್ನ ಮೇಲೆ ಹಾಗೆ ಕೂಗಿದ್ದು ಎರಡೋ ಮೂರೋ ಸಲ ಇರಬಹುದು. ಬಂದವಳೇ ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ನನಗೆ ಮಾಡಿದ್ದು ಸಾಕು" ಎಂದಳು.

ಸೊಸೆಗೆ ಅರ್ಥವಾಗಲಿಲ್ಲ. ನನಗಾಯಿತು. ಈ ವಾರ ಅದನ್ನೇ ಬರೆಯುತ್ತೇನೆ ಎಂದು ಹೆಂಡತಿಯನ್ನು ಕೇಳಿದ್ದಕ್ಕೆ, "ಬರೀರಿ. ಆದರೆ ನನ್ನ ತಲೆನೋವು ಮಾತ್ರ ಬರೀಬೇಡಿ, ನಿಮ್ಮ ಪಾಲೂ ಬರೀರಿ" ಎಂದು ಅನುಮತಿ ಕೊಟ್ಟಿದ್ದಾಳೆ.

ಅವಳಿಗೆ ತಲೆನೋವು ಶುರುವಾಗಿದ್ದು ಮದುವೆಗೆ ಮೊದಲೇ. ತಿಂಗಳಿಗೆ ಒಂದೋ ಎರಡೋ ಸಲ ಬರುತ್ತಿತ್ತು. ಹಿಂದಿನ ದಿನವೇ ಆಕಳಿಕೆ ಜಾಸ್ತಿ, ಮುಖ ಬಾಡುವುದು. ಬೆಳಗಾಗುವಷ್ಟರಲ್ಲಿ ತಲೆಯ ಒಂದು ಭಾಗ, ಹೆಚ್ಚಾಗಿ ಬಲಗಡೆ, ಸುತ್ತಿಗೆಯಲ್ಲಿ ಬಡಿದ ಹಾಗೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆ ಬಂದರೆ ಓಕರಿಕೆ. ಒಂದು ದಿನ, ಕೆಲವು ಸಲ ಎರಡು ದಿನ. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಒಲೆ ಹಚ್ಚುತ್ತಿದ್ದಳು. ನಮ್ಮಲ್ಲಿ ಇದಕ್ಕೆ ಅರೆತಲೆನೋವು ಎನ್ನುತ್ತಾರೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಅರ್ಧಾವಭೇದಕ. ಮೈಗ್ರೇನ್ ಎಂಬ ಪದವೂ ಗ್ರೀಕಿನ 'ಅರ್ಧ ತಲೆ' ಎಂಬ ಮಾತಿನಿಂದಲೇ ಬಂದದ್ದು. ಮೂರು ಕಡೆಯವರೂ ಅರ್ಧ ತಲೆಯನ್ನೇ ಕಂಡರು. ನನ್ನ ಮನೆಯಲ್ಲೇ ಇದ್ದದ್ದು ನನಗೆ ಕಾಣಲಿಲ್ಲ.

ನಮ್ಮ ಅಮ್ಮ ಪಿತ್ತ ಎಂದರು. ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅವರು ಪ್ರೀತಿಯಿಂದಲೇ ಮಾಡಿದರು, ಅದಕ್ಕೆ ತಪ್ಪು ಹೇಳಲಾರೆ. ನಾನು ಏನು ಮಾಡಿದೆ ಎಂದರೆ ಮಾತ್ರೆ ತಂದೆ. ಆಗ ನನಗೆ ದಾವಣಗೆರೆಗೆ ವರ್ಗವಾಗಿತ್ತು. ನಮ್ಮ ಬ್ರಾಂಚಿನ ಎದುರಿಗೇ ಒಂದು ಮೆಡಿಕಲ್ ಶಾಪ್. ಮಾಲೀಕರು ನಮ್ಮ ಗಿರಾಕಿ, ಅವರ ಕರೆಂಟ್ ಅಕೌಂಟಿನ ಚಲನ್ ಬರೆದುಕೊಡುತ್ತಿದ್ದವನೇ ನಾನು. ಡಾಕ್ಟರ ಚೀಟಿ ಅವರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಹೊರಟರೆ ಅವರೇ ಕೌಂಟರಿನಿಂದ ಪಟ್ಟಿ ತೋರಿಸಿ "ಬೇಕಾ ಸಾರ್?" ಎನ್ನುವಷ್ಟು ಸಲಿಗೆ. ಮಾತ್ರೆಯ ಹಿಂಬದಿಯಲ್ಲಿ ಆರ್‌ಎಕ್ಸ್ ಎಂಬ ಗುರುತು, ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕೆಂಬ ಸಣ್ಣಕ್ಷರದ ಸಾಲು ಎರಡೂ ಇದ್ದವು. ಚೆಕ್ಕಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ವಾಪಸು ಮಾಡುತ್ತಿದ್ದ ಗುಮಾಸ್ತ ನಾನು. ಆ ಸಾಲನ್ನು ಒಮ್ಮೆಯೂ ಓದಲಿಲ್ಲ.

ಇನ್ನು ನನ್ನ ಪಾಲು. 1994ರಲ್ಲಿ ಅವಳ ತಂಗಿಯ ಮದುವೆ ಸಾಗರದಲ್ಲಿ. ನಾಲ್ಕು ದಿನ ಮುಂಚೆಯೇ ಹೋಗಿ ದುಡಿದವಳು, ಧಾರೆಯ ಬೆಳಿಗ್ಗೆ ಛತ್ರದ ಉಗ್ರಾಣದ ಪಕ್ಕದ ಕತ್ತಲೆ ಕೋಣೆಯಲ್ಲಿ ತಲೆಗೆ ಸೆರಗು ಬಿಗಿದುಕೊಂಡು ಮಲಗಿಬಿಟ್ಟಳು. ಹೊರಗೆ ಓಲಗ. ಹೆಂಗಸರ ಗುಂಪಿನಲ್ಲಿ ಯಾರೋ, "ಕೆಲಸ ಇದ್ದಾಗಲೇ ಇವಳಿಗೆ ತಲೆನೋವು ಬರೋದು" ಎಂದರು. ಒಬ್ಬರು ನನ್ನ ಹತ್ತಿರ ಬಂದು "ಹೆಂಡತಿ ಎಲ್ಲಿ, ಕಾಣ್ತಿಲ್ಲ?" ಎಂದು ಕೇಳಿದರು. "ಅವಳದ್ದು ಇದ್ದದ್ದೇ" ಎಂದು ನಗಾಡಿದೆ. ಆ ಕೋಣೆಯ ಬಾಗಿಲು ಹಾಕಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಹತ್ತು ವರ್ಷದ ಮೇಲೆ, ಡಾಕ್ಟರ ಎದುರಿಗೆ ಅವಳು ಅಳುತ್ತ ಅದನ್ನು ಹೇಳಿದಾಗ.

ಆ ಹತ್ತು ವರ್ಷದಲ್ಲಿ ತಿಂಗಳಿಗೆ ಎರಡಿದ್ದ ತಲೆನೋವು ವಾರಕ್ಕೆ ಎರಡಾಯಿತು, ಆಮೇಲೆ ದಿನ ಬಿಟ್ಟು ದಿನ. ಬೆಳಗಿನ ಜಾವ ನಾಲ್ಕಕ್ಕೇ ನೋವಿನಿಂದ ಎಚ್ಚರವಾಗುತ್ತಿತ್ತು. ಹಲ್ಲುಜ್ಜುವ ಮೊದಲು ಮಾತ್ರೆ, ಆಮೇಲೆ ಕಾಫಿ. ಚಳಿಗಾಲವಲ್ಲದಿದ್ದರೂ ಬೆರಳ ತುದಿ ತಣ್ಣಗೆ, ಪಾದದಲ್ಲಿ ಜೋಮು. ವಯಸ್ಸು ಅಂದುಕೊಂಡೆವು. ಆಗ ಅವಳಿಗೆ ನಲವತ್ತಾರು, ನಲವತ್ತೇಳು. ಕೊನೆಗೆ 2004ರಲ್ಲಿ, ನಮ್ಮ ಮ್ಯಾನೇಜರ ಒತ್ತಾಯಕ್ಕೆ ಒಬ್ಬ ನರರೋಗ ತಜ್ಞರ ಹತ್ತಿರ ಹೋದೆವು.

ಸಣ್ಣ ವಯಸ್ಸಿನ ಡಾಕ್ಟರು. ತಲೆಯ ಸ್ಕ್ಯಾನ್ ಬರೆದುಕೊಡುತ್ತಾರೆ ಎಂದು ದುಡ್ಡು ಹೊಂದಿಸಿಕೊಂಡು ಹೋಗಿದ್ದೆ. ಅವರು ಮೊದಲು ಕೇಳಿದ ಪ್ರಶ್ನೆ: "ತಿಂಗಳಿಗೆ ಎಷ್ಟು ಮಾತ್ರೆ ತಗೊಳ್ತೀರಮ್ಮಾ?" ನಾನು ಎಂಟ್ಹತ್ತು ಎಂದೆ. ಅವಳು ಹದಿನೈದು ಇರಬಹುದು ಎಂದಳು. ಡಾಕ್ಟರು ನನ್ನ ಕಡೆ ತಿರುಗಿ, "ತಾವು ಏನು ಕೆಲಸ ಮಾಡ್ತೀರಿ?" ಎಂದರು. ಬ್ಯಾಂಕು ಎಂದೆ. "ಲೆಕ್ಕ ಇಟ್ಟಿಲ್ಲವಾ?" ಎಂದು ನಕ್ಕರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

ಲೆಕ್ಕ ಇನ್ನೊಂದು ಕಡೆ ಇತ್ತು. ಮೆಡಿಕಲ್ ಶಾಪಿನ ಉದ್ರಿ ಪುಸ್ತಕದಲ್ಲಿ ನನ್ನ ಹೆಸರಿನ ಪುಟ. ಸಂಬಳವಾದ ಮೇಲೆ ಒಟ್ಟಿಗೆ ಕೊಡುತ್ತಿದ್ದೆನಲ್ಲ, ಅದರದ್ದು. ಮಾರನೇ ದಿನ ಊಟದ ವಿರಾಮದಲ್ಲಿ ಅಲ್ಲಿ ಕೂತು ಆರು ತಿಂಗಳನ್ನು ಕೂಡಿದೆ. ಎರಡು ಸಲ ಕೂಡಿದೆ, ಮೊತ್ತ ಬದಲಾಗಲಿಲ್ಲ. ಸರಾಸರಿ ತಿಂಗಳಿಗೆ ಇಪ್ಪತ್ತಾರು ಮಾತ್ರೆ.

ಆ ಚೀಟಿ ಹಿಡಿದುಕೊಂಡು ಮತ್ತೆ ಹೋದಾಗ ಡಾಕ್ಟರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ಬ್ಯಾಂಕಿನಲ್ಲಿ ಬೆಳೆಸಾಲ ನವೀಕರಣ ಮಾಡಿಸುವ ರೈತರನ್ನು ನೋಡಿದ್ದೇನೆ. ಕಟ್ಟಲು ಕೈಯಲ್ಲಿ ದುಡ್ಡಿಲ್ಲ. ಪೇಟೆಯ ಸಾಹುಕಾರನಿಂದ ಎರಡು ದಿನಕ್ಕೆ ಬಡ್ಡಿಗೆ ತಂದು ಕಟ್ಟುತ್ತಾರೆ, ಬ್ಯಾಂಕು ಹೊಸ ಸಾಲ ಕೊಟ್ಟ ಕೂಡಲೇ ಅದನ್ನು ಒಯ್ದು ಸಾಹುಕಾರನಿಗೆ ಕೊಡುತ್ತಾರೆ. ಪುಸ್ತಕದಲ್ಲಿ ಸಾಲ ತೀರಿದೆ, ನಿಜದಲ್ಲಿ ಬೆಳೆದಿದೆ. ನೋವಿನ ಮಾತ್ರೆಯೂ ಹಾಗೆಯೇ. ಮೈಗ್ರೇನ್ ಇರುವವರು ಅದನ್ನು ಪದೇ ಪದೇ ನುಂಗಿದರೆ ಮಿದುಳಿನ ನೋವಿನ ಏರ್ಪಾಡೇ ಕೆಡುತ್ತದೆ. ಮಾತ್ರೆಯ ಪ್ರಭಾವ ಇಳಿದ ಕೂಡಲೇ ನೋವು, ಅದಕ್ಕೆ ಇನ್ನೊಂದು ಮಾತ್ರೆ, ಅದು ಇಳಿದಾಗ ಮತ್ತೆ ನೋವು. ಬೆಳಗಿನ ಜಾವದ ನೋವಿನ ಗುಟ್ಟು ಅದು, ರಾತ್ರಿಯ ಮಾತ್ರೆ ಇಳಿಯುವ ಹೊತ್ತು. ಮೈಗ್ರೇನ್ ತಜ್ಞರು ಒಂದು ಗೆರೆ ಎಳೆದಿದ್ದಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಮಾತ್ರೆಯಾದರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ ಮಾತ್ರೆಯಾದರೆ ಅಥವಾ ಮೈಗ್ರೇನಿಗೆಂದೇ ಇರುವ ಮಾತ್ರೆಯಾದರೆ 10 ದಿನ. ಮೂರು ತಿಂಗಳಿಗೂ ಹೆಚ್ಚು ಕಾಲ ಈ ಗೆರೆ ದಾಟುತ್ತಿದ್ದರೆ ಮಾತ್ರೆಯೇ ತಲೆನೋವಿನ ಕಾರಣವಾಗಿರಬಹುದು. ಈ ಎರಡು ಅಂಕಿಗಳನ್ನು ದಯವಿಟ್ಟು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಅವಳು ನುಂಗುತ್ತಿದ್ದದ್ದು ಬೆರಕೆ ಮಾತ್ರೆ. ಎರ್ಗಟಮೀನ್, ಕೆಫೀನ್, ಪ್ಯಾರಾಸಿಟಮಾಲ್. ಈ ಎರ್ಗಟಮೀನ್ ಕಥೆ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯುರೋಪಿನಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಾರೆ. ಅದರ ತೆನೆಗೆ ಎರ್ಗಟ್ ಎಂಬ ಕಪ್ಪು ಶಿಲೀಂಧ್ರ ಹಿಡಿಯುತ್ತದೆ. ಹಿಂದಿನ ಕಾಲದಲ್ಲಿ ಆ ಧಾನ್ಯದ ರೊಟ್ಟಿ ತಿಂದ ಊರಿಗೆ ಊರೇ ಕೈಕಾಲು ಉರಿ ಹತ್ತಿ, ಕಪ್ಪಾಗಿ, ಉದುರಿಹೋಗುವ ರೋಗಕ್ಕೆ ತುತ್ತಾಗುತ್ತಿತ್ತು. ಸಂತ ಆಂಟನಿಯ ಬೆಂಕಿ ಎಂದು ಅದಕ್ಕೆ ಹೆಸರು. ರಕ್ತನಾಳಗಳನ್ನು ಹಿಂಡಿ ಮುಚ್ಚಿಬಿಡುವ ವಿಷ ಅದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರ್ಥರ್ ಸ್ಟೋಲ್ ಎಂಬ ರಸಾಯನ ವಿಜ್ಞಾನಿ 1918ರಲ್ಲಿ ಅದರಿಂದ ಎರ್ಗಟಮೀನನ್ನು ಬೇರ್ಪಡಿಸಿದರು. ಅಳತೆಯಲ್ಲಿ ಕೊಟ್ಟರೆ ಮೈಗ್ರೇನ್ ಇಳಿಯುತ್ತದೆ ಎಂದು ಆಮೇಲೆ ಕಂಡುಬಂತು. ಹಲವು ದಶಕ ಅದೇ ಮುಖ್ಯ ಮದ್ದಾಗಿತ್ತು. ಅಳತೆ ಮೀರಿದರೆ ಹಳೆಯ ಬೆಂಕಿಯ ನೆರಳು ಬೀಳುತ್ತದೆ. ಡಾಕ್ಟರು ಅವಳ ಮಣಿಕಟ್ಟು, ಪಾದ ಎಲ್ಲ ಕಡೆ ನಾಡಿ ಒತ್ತಿ ಒತ್ತಿ ನೋಡಿದರು. "ಇನ್ನೂ ಪರವಾಗಿಲ್ಲ" ಎಂದರು. ಕೆಲವು ಆ್ಯಂಟಿಬಯಾಟಿಕ್‌ಗಳ ಜೊತೆ, ಕ್ಲಾರಿಥ್ರೊಮೈಸಿನ್‌ನಂಥದ್ದರ ಜೊತೆ, ಈ ಮಾತ್ರೆ ಸೇರಿದರೆ ಕೈಕಾಲಿಗೇ ಅಪಾಯ ಎಂದೂ ಹೇಳಿದರು. ಗಂಟಲು ನೋವಿಗೆ ಅಂಥದ್ದನ್ನು ನಾವು ಎಷ್ಟು ಸಲ ಅದೇ ಅಂಗಡಿಯಿಂದ ತಂದು ನುಂಗಿದ್ದೆವೋ, ಆ ಲೆಕ್ಕ ಉದ್ರಿ ಪುಸ್ತಕದಲ್ಲಿ ಹುಡುಕಲು ನನಗೆ ಧೈರ್ಯ ಬರಲಿಲ್ಲ.

ಮಾತ್ರೆ ನಿಲ್ಲಿಸಿದೆವು. ನಿಲ್ಲಿಸಿದ ಮೇಲಿನ ಹನ್ನೆರಡು ದಿನ ಹೇಗಿತ್ತು ಎಂದು ಬರೆಯುವುದು ಕಷ್ಟ. ತಲೆನೋವು ಇಮ್ಮಡಿ, ವಾಂತಿ, ನಿದ್ದೆಯಿಲ್ಲ. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿ ವಾಂತಿಗೆ ಬೇರೆ ಔಷಧ ಬರೆದಿದ್ದರು. ನಾನು ರಜ ಹಾಕಿದೆ. ಮಗ ಆಗ ಕಾಲೇಜು. ಇಬ್ಬರೂ ಸೇರಿ ಗಂಜಿ ಮಾಡಿದೆವು, ಫೋನಿನ ರಿಸೀವರ್ ತೆಗೆದಿಟ್ಟೆವು, ಕರೆಗಂಟೆಯ ವೈರ್ ಕಿತ್ತೆವು. ಹದಿಮೂರನೇ ದಿನ ಬೆಳಿಗ್ಗೆ ಆರೂವರೆಗೆ ಎದ್ದು ಬಂದು, "ರೀ, ತಲೆ ಹಗುರಾಗಿದೆ" ಎಂದಳು. ಎಷ್ಟೋ ವರ್ಷಗಳ ಮೇಲೆ ನಾಲ್ಕು ಗಂಟೆಗೆ ಎಚ್ಚರವಾಗದೆ ಮಲಗಿದ್ದಳು.

ಡಾಕ್ಟರ ಚೀಟಿಯಲ್ಲಿ ಎರಡು ಬಗೆಯ ಔಷಧವಿತ್ತು. ಒಂದು, ನೋವು ಬಂದಾಗ ಅದನ್ನು ಇಳಿಸಲು. ಇನ್ನೊಂದು, ನೋವಿರಲಿ ಬಿಡಲಿ, ದಿನವೂ ತೆಗೆದುಕೊಂಡು ನೋವು ಬರುವುದನ್ನೇ ಕಡಿಮೆ ಮಾಡಲು. ಈ ಎರಡನೆಯ ಬಗೆ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅವಳಿಗೆ ಬರೆದದ್ದು ಪ್ರೊಪ್ರನೊಲಾಲ್. ನಮ್ಮ ಪಕ್ಕದ ಮನೆಯವರು ಪಟ್ಟಿ ನೋಡಿ "ಇದು ಬಿಪಿ ಮಾತ್ರೆ ಅಲ್ಲವಾ? ಒಂದು ಸಲ ಶುರು ಮಾಡಿದರೆ ಸಾಯುವ ತನಕ ಬಿಡೋ ಹಾಗಿಲ್ಲ" ಎಂದು ಹೆದರಿಸಿಬಿಟ್ಟರು. ಅವಳು ನಾಲ್ಕು ದಿನ ಮುಟ್ಟಲಿಲ್ಲ. ನಿಜ, ಅದನ್ನು ಹೃದಯದ ಕಾಯಿಲೆಗೆಂದೇ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಕಂಡುಹಿಡಿದರು. ಮುಂದೆ 1988ರಲ್ಲಿ ಅವರಿಗೆ ನೊಬೆಲ್ ಬಂತು. ಎದೆನೋವಿಗೆ ಅದನ್ನು ತೆಗೆದುಕೊಳ್ಳುತ್ತಿದ್ದ ರೋಗಿಗಳ ಮೈಗ್ರೇನ್ ಕಡಿಮೆಯಾಯಿತೆಂದು 1966ರಲ್ಲಿ ವೈದ್ಯರು ಗಮನಿಸಿದ್ದು ಆಕಸ್ಮಿಕವಾಗಿ. ಮೈಗ್ರೇನ್ ತಡೆಯುವ ಹಳೆಯ ಮಾತ್ರೆಗಳಲ್ಲಿ ಹೆಚ್ಚಿನವು ಹೀಗೆ ಬೇರೆ ಮನೆಯಿಂದ ಬಂದ ಸೊಸೆಯರೇ. ಅಮಿಟ್ರಿಪ್ಟಲೀನ್ ಖಿನ್ನತೆಯ ಮಾತ್ರೆ, ಟೊಪಿರಮೇಟ್ ಮೂರ್ಛೆರೋಗದ್ದು. ಹೆಸರು ನೋಡಿ "ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ" ಎಂದು ಕಸದ ಬುಟ್ಟಿಗೆ ಹಾಕಿದವರನ್ನು ಕಂಡಿದ್ದೇನೆ.

ಹಾಗೆಂದು ಇವು ಸಾಧು ಮಾತ್ರೆಗಳೂ ಅಲ್ಲ. ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಆಗದು, ಡಾಕ್ಟರು ಅದನ್ನು ಮೂರು ಸಲ ಕೇಳಿದರು. ತಟಕ್ಕನೆ ನಿಲ್ಲಿಸಲೂಬಾರದು. ಅಮಿಟ್ರಿಪ್ಟಲೀನ್ ಬಾಯಿ ಒಣಗಿಸುತ್ತದೆ, ನಿದ್ದೆ ಬರಿಸುತ್ತದೆ. ಟೊಪಿರಮೇಟಿನಿಂದ ಬೆರಳು ಜುಂ ಅನ್ನಬಹುದು, ತೂಕ ಇಳಿಯಬಹುದು, ನಾಲಿಗೆ ತುದಿಯಲ್ಲಿದ್ದ ಮಾತು ಸಿಗದೆ ಹೋಗಬಹುದು. ನಮ್ಮಲ್ಲಿ ತುಂಬ ಬಳಸುವ ಫ್ಲುನಾರಿಜೀನ್ ತೂಕ ಏರಿಸುತ್ತದೆ, ಮನಸ್ಸು ಮಂಕಾಗಿಸುವುದೂ ಉಂಟು. ವಯಸ್ಸಾದವರಿಗೆ ಕೈ ನಡುಕ ತರಬಹುದು. ವಾಲ್‌ಪ್ರೊಯೇಟ್ ಎಂಬುದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ, ಮಕ್ಕಳಾಗುವ ವಯಸ್ಸಿನ ಹೆಂಗಸರು ಮೈಗ್ರೇನಿಗೆಂದು ತೆಗೆದುಕೊಳ್ಳುವಂಥದ್ದಲ್ಲ. ಯಾರಿಗೆ ಯಾವುದು ಎಂದು ಆರಿಸುವುದೇ ಡಾಕ್ಟರ ಕೆಲಸ. ಇನ್ನೊಂದು, ಈ ಮಾತ್ರೆಗಳು ಕೆಲಸ ಮಾಡುತ್ತವೋ ಇಲ್ಲವೋ ಎಂದು ಹೇಳಲು ಎರಡು ತಿಂಗಳಾದರೂ ಬೇಕು. ಎಂಟು ದಿನ ನುಂಗಿ "ಏನೂ ಪ್ರಯೋಜನವಿಲ್ಲ" ಎನ್ನುವುದು, ಆರ್‌ಡಿ ಖಾತೆ ತೆರೆದ ಮರುವಾರವೇ ಬಡ್ಡಿ ಎಲ್ಲಿ ಎಂದು ಕೌಂಟರಿಗೆ ಬಂದು ಜಗಳ ಮಾಡಿದ ಹಾಗೆ.

ನೋವು ಬಂದಾಗ ತೆಗೆದುಕೊಳ್ಳಲು ಬರೆದದ್ದು ಸುಮಾಟ್ರಿಪ್ಟಾನ್. ಬ್ರಿಟನ್ನಿನ ಗ್ಲ್ಯಾಕ್ಸೊ ಕಂಪನಿಯಲ್ಲಿ ಪ್ಯಾಟ್ರಿಕ್ ಹಂಫ್ರಿ ಎಂಬುವರ ತಂಡ 1972ರಿಂದ ದುಡಿದು ತಯಾರಿಸಿದ್ದು, 1991ರಲ್ಲಿ ಮೊದಲ ಸಲ ಮಾರುಕಟ್ಟೆಗೆ ಬಂತು. ಬೇರೆ ಮನೆಯಿಂದ ಬಂದದ್ದಲ್ಲ, ಮೈಗ್ರೇನಿಗೆಂದೇ ಹುಟ್ಟಿದ್ದು. ಆಗ ಅದರ ಒಂದು ಮಾತ್ರೆಯ ಬೆಲೆಗೆ ದಾವಣಗೆರೆಯಲ್ಲಿ ನಾವಿಬ್ಬರೂ ಹೊಟ್ಟೆ ತುಂಬ ಬೆಣ್ಣೆ ದೋಸೆ ತಿನ್ನಬಹುದಿತ್ತು. ಅದೇ ತೊಂದರೆಯಾಯಿತು. ನನ್ನ ಹೆಂಡತಿ "ಇಷ್ಟು ದುಡ್ಡಿನ ಮಾತ್ರೆ, ನೋಡೋಣ, ತಾನಾಗೇ ಇಳಿಯಬಹುದು" ಎಂದು ಕಾದು, ತಡೆಯಲಾಗದಂತಾದ ಮೇಲೆ ನುಂಗುವಳು. ಹತ್ತು ನಿಮಿಷದಲ್ಲಿ ವಾಂತಿಯಾಗಿ ಮಾತ್ರೆ ಬಚ್ಚಲ ಪಾಲು. ಮೂರು ಸಲ ಹೀಗಾಯಿತು. ಡಾಕ್ಟರು ಬೈದರು. ನೋವು ಶುರುವಾಗಿ ಇನ್ನೂ ಸಣ್ಣದಿರುವಾಗಲೇ ತೆಗೆದುಕೊಳ್ಳಬೇಕಂತೆ. ಅದಕ್ಕೆ ಮೊದಲು ಕೆಲವರಿಗೆ ಕಣ್ಣ ಮುಂದೆ ಮಿಂಚಿನ ಅಂಕುಡೊಂಕು ಗೆರೆ ಕಾಣುತ್ತದಲ್ಲ, ಆಗಲ್ಲ, ನೋವು ಶುರುವಾದಾಗ. ಆದರೆ ಪದೇ ಪದೇ ಅಲ್ಲ, ಇದಕ್ಕೂ ಅದೇ 10 ದಿನದ ಗೆರೆ. ಎರ್ಗಟಮೀನ್ ತೆಗೆದುಕೊಂಡ 24 ಗಂಟೆಯೊಳಗೆ ಇದನ್ನು ಮುಟ್ಟಲೇಬಾರದು.

ಹೃದಯದ ಕಾಯಿಲೆ ಇರುವವರಿಗೆ, ಹತೋಟಿಯಲ್ಲಿಲ್ಲದ ಬಿಪಿ ಇರುವವರಿಗೆ ಟ್ರಿಪ್ಟಾನ್ ಜಾತಿಯ ಮಾತ್ರೆ ಕೂಡದು. ಇದು ನನಗೆ ತಿಳಿದದ್ದು ನಾಚಿಕೆಯ ರೀತಿಯಲ್ಲಿ. ಐದು ವರ್ಷದ ಹಿಂದೆ ನನಗೆ ಹೃದಯದಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಬಂದ ಕೆಲವು ವಾರಕ್ಕೆ ತಲೆನೋವು ಬಂತು. ಡಬ್ಬಿಯಿಂದ ಹೆಂಡತಿಯ ಮಾತ್ರೆ ತೆಗೆದು ನೀರಿನ ಲೋಟ ಹಿಡಿದಿದ್ದೆ. ಅವಳು ಆಗಲೂ ಕೂಗಿದಳು. ಈಗ ನೆನಪಾಯಿತು, ಮೇಲೆ ಹೇಳಿದ ಎರಡೋ ಮೂರೋ ಸಲದಲ್ಲಿ ಅದೂ ಒಂದು. ಮಾತ್ರೆ ಜಾಯಿಂಟ್ ಅಕೌಂಟ್ ಅಲ್ಲ ಎಂದು ಆವತ್ತು ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿದೆ. ಹೋದ ತಿಂಗಳು ಮೊಮ್ಮಗಳಿಗೆಂದು ಡಬ್ಬಿ ತೆರೆದಾಗ ಅದೇ ಚೀಟಿಯನ್ನು ಸರಿಸಿಯೇ ತೆರೆದೆ.

ಹೆಂಡತಿಯ ಕಥೆ ಮುಗಿಸುತ್ತೇನೆ. ಒಂದು ವರ್ಷ ಪ್ರೊಪ್ರನೊಲಾಲ್, ಆಮೇಲೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಪಕ್ಕದ ಮನೆಯವರ ಭವಿಷ್ಯ ಸುಳ್ಳಾಯಿತು. ತಿಂಗಳಿಗೆ ಎರಡು ಮೂರು ನೋವು ಉಳಿಯಿತು, ಮುಟ್ಟು ನಿಂತ ಮೇಲೆ ಇನ್ನೂ ಕಡಿಮೆಯಾಯಿತು. ಹೆಂಗಸರಲ್ಲಿ ಈ ನೋವು ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು, ಹಾರ್ಮೋನಿನ ಏರಿಳಿತದ ಪಾತ್ರ ದೊಡ್ಡದು. ಹಾಗಾಗಿ ಎಲ್ಲ ಕೀರ್ತಿಯನ್ನೂ ಮಾತ್ರೆಯ ಖಾತೆಗೆ ಜಮಾ ಮಾಡಬೇಡಿ ಎಂದು ಡಾಕ್ಟರೇ ಹೇಳಿದರು. ಈಗ ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ತಡೆಯುವ ಹೊಸ ಬಗೆಯ ಔಷಧಗಳು ಬಂದಿವೆ. ಅಂಥ ಮೊದಲ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು, ಅದರ ಹಿಂದಿನ ಸಂಶೋಧನೆ ಮಾಡಿದ ನಾಲ್ವರಿಗೆ 2021ರಲ್ಲಿ ಬ್ರೈನ್ ಪ್ರೈಜ್ ಬಂತು. ಬೆಲೆ ಮಾತ್ರ ಪಿಂಚಣಿದಾರರ ಕೈಗೆಟುಕುವಂಥದ್ದಲ್ಲ.

ಇದು ಎಲ್ಲೋ ಒಬ್ಬರ ಮನೆಯ ಕಥೆ ಎಂದು ನಾನೂ ಅಂದುಕೊಂಡಿದ್ದೆ. ನಮ್ಮ ಕರ್ನಾಟಕದಲ್ಲೇ ಹಳ್ಳಿ, ಪಟ್ಟಣ ಸೇರಿ 2,329 ಜನರನ್ನು ಮನೆಮನೆಗೆ ಹೋಗಿ ಕೇಳಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ ಸುಮಾರು 25. ನಾಲ್ವರಲ್ಲಿ ಒಬ್ಬರು. ಸಾಗರದ ಆ ಛತ್ರದಲ್ಲಿ ಇನ್ನೂ ಎಷ್ಟು ಜನ ಹಲ್ಲು ಕಚ್ಚಿಕೊಂಡು ಬಡಿಸುತ್ತಿದ್ದರೋ.

ಪುಟ್ಟಿಯನ್ನು ಮರುದಿನವೇ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣು, ಬಿಪಿ, ನಡಿಗೆ ಎಲ್ಲ ನೋಡಿದರು. ಜ್ವರ, ಕತ್ತು ಬಿಗಿತ, ಕೈಕಾಲಲ್ಲಿ ಬಲವಿಲ್ಲದಿರುವುದು, ತಲೆಗೆ ಪೆಟ್ಟು, ಎಂದೂ ಬಾರದಂಥ ನೋವು ಒಮ್ಮೆಲೇ ಸಿಡಿದಂತೆ ಬರುವುದು, ಇವುಗಳಲ್ಲಿ ಒಂದಿದ್ದರೂ ಕಾಯದೆ ಆಸ್ಪತ್ರೆಗೆ ಓಡಬೇಕು ಎಂದರು. ನನ್ನ ಕಡೆ ತಿರುಗಿ, ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾದರೂ ತೋರಿಸಬೇಕು ಎಂದರು. ಪುಟ್ಟಿಗೆ ಅದ್ಯಾವುದೂ ಇರಲಿಲ್ಲ. ಮಕ್ಕಳ ಮೈಗ್ರೇನಿನಲ್ಲಿ ನೋವು ಒಂದೇ ಕಡೆ ಇರಬೇಕೆಂದಿಲ್ಲ, ಹಣೆಯಿಡೀ ಬರಬಹುದು, ಎರಡು ಮೂರು ಗಂಟೆಯಲ್ಲಿ ಇಳಿಯಲೂಬಹುದಂತೆ.

ಸೊಸೆ ದಿನಾ ಕೊಡುವ ಮಾತ್ರೆ ಏನಾದರೂ ಬೇಕೇ ಎಂದು ಕೇಳಿದಳು. ಡಾಕ್ಟರು ಒಂದು ಸಂಗತಿ ಹೇಳಿದರು. ಅಮೆರಿಕದಲ್ಲಿ 8ರಿಂದ 17 ವರ್ಷದ ಮಕ್ಕಳಿಗೆ ಅಮಿಟ್ರಿಪ್ಟಲೀನ್, ಟೊಪಿರಮೇಟ್ ಮತ್ತು ಔಷಧವೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ಹೋಲಿಸಿದರು. ಫಲಿತಾಂಶ 2017ರಲ್ಲಿ ಅಚ್ಚಾಯಿತು. ತಲೆನೋವಿನ ದಿನಗಳು ಅರ್ಧಕ್ಕಿಳಿದ ಮಕ್ಕಳು ಅಮಿಟ್ರಿಪ್ಟಲೀನ್ ಗುಂಪಿನಲ್ಲಿ ನೂರಕ್ಕೆ 52, ಟೊಪಿರಮೇಟ್ ಗುಂಪಿನಲ್ಲಿ 55, ಸುಳ್ಳು ಮಾತ್ರೆಯ ಗುಂಪಿನಲ್ಲಿ 61! ಮಾತ್ರೆ ಬೇಡವೇ ಬೇಡ ಎಂದಲ್ಲ, ಬೇಕಾದ ಮಕ್ಕಳೂ ಇದ್ದಾರೆ, ಆದರೆ ಅವಸರ ಬೇಡ ಎಂದರು. ನೋವು ಬಂದರೆ ಶುರುವಿನಲ್ಲೇ ಐಬುಪ್ರೊಫೆನ್, ಅವಳ ತೂಕಕ್ಕೆ ಲೆಕ್ಕ ಹಾಕಿ ಬರೆದ ಅಳತೆಯಲ್ಲಿ, ಏನಾದರೂ ತಿಂದ ಮೇಲೆ, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಿಲ್ಲ. ಆಸ್ಪಿರಿನ್ ಮಕ್ಕಳಿಗೆ ಖಂಡಿತ ಕೂಡದು. ಆಮೇಲೆ ಹುಡುಗಿಯನ್ನೇ ಕೂರಿಸಿಕೊಂಡು ಕೇಳಿದರು. ಬೆಳಿಗ್ಗೆ ಏನು ತಿಂತೀಯ? ವ್ಯಾನ್ ಏಳೂಕಾಲಿಗೆ, ತಿಂಡಿಗೆ ಹೊತ್ತಿಲ್ಲ, ಬರೀ ಹಾಲು. ನೀರಿನ ಬಾಟಲಿ? ಹಾಗೇ ತುಂಬಿಕೊಂಡೇ ವಾಪಸು ಬರುತ್ತದೆ, ಯಾಕೆಂದರೆ ಶಾಲೆಯ ಟಾಯ್ಲೆಟ್ಟಿಗೆ ಹೋಗಲು ಇಷ್ಟವಿಲ್ಲ. ರಾತ್ರಿ ಮಲಗುವುದು? ಹನ್ನೊಂದು. ಇಷ್ಟೆಲ್ಲ ನಮ್ಮ ಮನೆಯಲ್ಲೇ ನಡೆಯುತ್ತಿತ್ತು, ನಾಲ್ವರು ದೊಡ್ಡವರಿಗೂ ಗೊತ್ತಿರಲಿಲ್ಲ.

ಕೊನೆಗೆ ಡಾಕ್ಟರು "ಒಂದು ಡೈರಿ ಇಡಿ" ಎಂದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು.

ಮನೆಗೆ ಬಂದು ಅಟ್ಟದಿಂದ 2004ರ ನನ್ನ ನೋಟುಪುಸ್ತಕ ಇಳಿಸಿದೆ. ಅದೇ ಕಾಲಂಗಳನ್ನು ಹೊಸ ಪುಸ್ತಕದಲ್ಲಿ ಪುಟ್ಟಿಗೆ ಗೆರೆ ಹಾಕಿಕೊಟ್ಟೆ: ತಾರೀಖು, ಶುರುವಾದ ಹೊತ್ತು, ಇಳಿದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ತಿಂಡಿ, ಮಾತ್ರೆ, ಷರಾ. ಷರಾ ಎಂದರೇನಜ್ಜ ಎಂದು ಕೇಳಿದಳು. ಬೇರೆ ಏನಾದರೂ ಹೇಳಬೇಕೆನಿಸಿದರೆ ಅಲ್ಲಿ ಬರೆಯುವುದು ಎಂದೆ. ಈಗ ಬೆಳಿಗ್ಗೆ ಆರೂವರೆಗೆ ಅವಳಿಗೆ ಎರಡು ಇಡ್ಲಿಯೋ ಒಂದು ರೊಟ್ಟಿಯೋ ತಯಾರು, ಅದು ಅಜ್ಜಿಯ ಇಲಾಖೆ. ಸಂಜೆ ಬಾಟಲಿ ತೂಗಿ ನೋಡುವುದು ನನ್ನದು.

ಹೋದ ವಾರ ಮತ್ತೊಮ್ಮೆ ತಲೆನೋವು ಬಂತು. ಹೇಳಿದ ಅಳತೆಯ ಔಷಧ ಕೊಟ್ಟು ಮಲಗಿಸಿದೆವು. ಹೆಂಡತಿ ಆ ಕತ್ತಲೆ ರೂಮಿನಲ್ಲಿ ಹುಡುಗಿಯ ತಲೆಯ ಪಕ್ಕ, ಒದ್ದೆ ಬಟ್ಟೆ ಬದಲಿಸುತ್ತ ಎರಡು ಗಂಟೆ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ನಾನು ಬಾಗಿಲು ಮೆಲ್ಲಗೆ ಮುಂದೆ ಮಾಡಿ ಬಂದೆ.

ಮಾರನೇ ದಿನ ಪುಸ್ತಕ ತೆಗೆದು ನೋಡಿದೆ. ಎಲ್ಲ ಕಾಲಂ ತುಂಬಿದ್ದಳು. ಶುರುವಾದದ್ದು 4.20, ಇಳಿದದ್ದು 6.45, ನಿದ್ದೆ ಒಂಬತ್ತು ಗಂಟೆ, ತಿಂಡಿ ಇಡ್ಲಿ, ಮಾತ್ರೆ ಒಂದು. ಷರಾ: "ಅಜ್ಜಿ ಇದ್ದರು. ಅಜ್ಜ ಈ ಸಲವೂ ಟಿವಿ ಸೌಂಡ್ ಮಾತ್ರ ಕಡಿಮೆ ಮಾಡಿದರು, ಆಫ್ ಮಾಡಲಿಲ್ಲ."